ಆಸ್ತಮಾದ ಪಂಪ್ ಇದ್ದರೂ ಅಡ್ರಿನಲಿನ್ ಯಾಕೆ ಚುಚ್ಚಿದರು?

ನಿಮ್ಮ ತಮ್ಮನಿಗೆ ಮೊದಲಿನಿಂದಲೂ ಆಸ್ತಮಾ. ತೋಟದಲ್ಲಿ ಹೆಜ್ಜೇನು ಕಚ್ಚಿ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿತು. ಪಂಪ್ ಕೊಟ್ಟರೂ ತಗ್ಗಲಿಲ್ಲ, ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಪಂಪ್, ಏವಿಲ್ (ಅಲರ್ಜಿಗೆ ಕೊಡುವ ಔಷಧ) ಇಷ್ಟೇ ಸಾಲುತ್ತಿರಲಿಲ್ಲವಾ, ಇದು ಹಾರ್ಟಿಗೆ ಅಪಾಯ ಅಲ್ವಾ ಅಂತ ಕೇಳಿದ್ದೀರಿ.

ನಾನು ಮಲೆನಾಡಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್. ಅವರು ಮಾಡಿದ್ದು ಸರಿ. ಆ ಹೊತ್ತಿಗೆ ಬೇಕಿದ್ದದ್ದೇ ಆ ಇಂಜೆಕ್ಷನ್.

ಪಂಪಿನಲ್ಲಿರುವ ಸಾಲ್ಬುಟಮಾಲ್ ಶ್ವಾಸಕೋಶದ ಒಳಗಿನ ಬಿಗಿದ ಕೊಳವೆಗಳನ್ನು ಸಡಿಲ ಮಾಡುತ್ತದೆ, ಅಷ್ಟೇ. ಜೇನಿನ ವಿಷ ಒಗ್ಗದೆ ಮೈ ತಿರುಗಿಬಿದ್ದಾಗ ತೊಂದರೆ ಅಲ್ಲಿಗೆ ನಿಲ್ಲುವುದಿಲ್ಲ. ಗಂಟಲು ಊದುತ್ತದೆ. ರಕ್ತನಾಳಗಳು ಹಿಗ್ಗಿ ಬಿಪಿ ಕುಸಿಯುತ್ತದೆ. ಇಷ್ಟಕ್ಕೂ ಒಟ್ಟಿಗೆ ಕೆಲಸ ಮಾಡುವ ಔಷಧ ಅಡ್ರಿನಲಿನ್ ಒಂದೇ. ಏವಿಲ್ ತುರಿಕೆ, ದದ್ದು ಇಳಿಸುತ್ತದೆ, ಗಂಟಲಿನ ಊತ ಬಿಡಿಸುವುದಿಲ್ಲ. ಸ್ಟಿರಾಯ್ಡ್ ಕೆಲಸ ಶುರು ಮಾಡಲು ಗಂಟೆಗಳೇ ಬೇಕು. ಆಸ್ತಮಾ ಇರುವವರಲ್ಲಿ ಇಂಥ ಅಲರ್ಜಿ ಜೀವಕ್ಕೆ ಎರವಾಗುವ ಸಾಧ್ಯತೆ ಜಾಸ್ತಿ, ಹಾಗಾಗಿ ಅವರ ವಿಷಯದಲ್ಲಿ ಕಾಯಲೇಬಾರದು.

ಒಮ್ಮೆ ಹೀಗೇ ಜೇನು ಕಚ್ಚಿದ ಒಬ್ಬರನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ತಂದಿದ್ದರು. ದಾರಿಯಲ್ಲಿ ಒಂದು ಕ್ಲಿನಿಕ್‌ನಲ್ಲಿ ಏವಿಲ್ ಮಾತ್ರ ಕೊಟ್ಟು ಕಳಿಸಿದ್ದರಂತೆ. ನಮ್ಮಲ್ಲಿಗೆ ಬರುವಾಗ ಧ್ವನಿ ಗೊಗ್ಗರಾಗಿತ್ತು, ಬಿಪಿ ಸಿಗುತ್ತಿರಲಿಲ್ಲ. ಮೊದಲ ಡೋಸ್ ಆಗಿ ಐದು ನಿಮಿಷಕ್ಕೆ ಎರಡನೆಯದು ಕೊಟ್ಟ ಮೇಲೆ ಕಣ್ಣು ಬಿಟ್ಟರು. ಕಳೆದುಹೋದ ಆ ಅರ್ಧ ಗಂಟೆ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಇಂಥವರನ್ನು ಎದ್ದು ನಿಲ್ಲಿಸಬೇಡಿ, ನಡೆಸಬೇಡಿ. ಮಲಗಿಸಿ ಕಾಲು ಎತ್ತರಕ್ಕೆ ಇಡಿ. ಮಲಗಿದರೆ ಉಸಿರಾಡಲು ಕಷ್ಟ ಅಂದರೆ ಕಾಲು ಚಾಚಿ ಕೂರಿಸಿ. 108ಕ್ಕೆ ಫೋನ್ ಮಾಡಿ.

ಹಾರ್ಟಿನ ಭಯದ ಬಗ್ಗೆ. ಅಡ್ರಿನಲಿನ್ ಕೊಟ್ಟಾಗ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ಮುಖ ಬಿಳಿಚುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯುತ್ತದೆ. ಹೆಚ್ಚಿನ ಅಪಾಯ ಇರುವುದು ಅದನ್ನು ನೇರ ರಕ್ತನಾಳಕ್ಕೆ ಕೊಟ್ಟಾಗ. ತೊಡೆಯ ಹೊರಬದಿಯ ಸ್ನಾಯುವಿಗೆ ದೊಡ್ಡವರಿಗೆ ಕೊಡುವುದು 0.5 ಮಿಲಿಗ್ರಾಂ, ಅಂದರೆ 1 ಎಂಎಲ್‌ನಲ್ಲಿ 1 ಮಿಲಿಗ್ರಾಂ ಇರುವ ಆಂಪೂಲಿನ (ಔಷಧದ ಪುಟ್ಟ ಗಾಜಿನ ಸೀಸೆ) ಅರ್ಧ. ಮಕ್ಕಳಿಗೆ ತೂಕ ನೋಡಿ, ಕೆಜಿಗೆ 0.01 ಮಿಲಿಗ್ರಾಂ. ಹಾರ್ಟ್ ಕಾಯಿಲೆ ಇದ್ದವರಿಗೂ ಜೀವಕ್ಕೆ ಅಪಾಯ ಬಂದಾಗ ಇದನ್ನು ತಡೆಹಿಡಿಯುವುದಿಲ್ಲ.

ಹಾಗಂತ ಪ್ರತಿ ಆಸ್ತಮಾ ಅಟ್ಯಾಕಿಗೂ ಇದು ಬೇಡ. ಹಿಂದೆಲ್ಲ ಆಸ್ತಮಾಗೂ ಅಡ್ರಿನಲಿನ್ ಚುಚ್ಚುತ್ತಿದ್ದರು. ಈಗ ಅಲ್ಲಿ ಮೊದಲ ಔಷಧ ಪಂಪ್ ಅಥವಾ ನೆಬ್ಯುಲೈಸರ್. ಆದರೆ ಜೇನು ಕಚ್ಚಿದ ಮೇಲೆ, ಅಥವಾ ಒಗ್ಗದ ಸಿಗಡಿ, ಶೇಂಗಾ ತಿಂದ ಮೇಲೆ ಉಬ್ಬಸ ಶುರುವಾದರೆ ಅದನ್ನು ಬರೀ ಆಸ್ತಮಾ ಅಂದುಕೊಳ್ಳಬೇಡಿ. ತುಟಿ ಊತ, ವಾಂತಿ, ತಲೆಸುತ್ತು ಇದೆಯಾ ನೋಡಿ. ಕೆಲವರಿಗೆ ದದ್ದೇ ಏಳುವುದಿಲ್ಲ, ಎಷ್ಟೋ ಸಲ ಮೋಸ ಹೋಗುವುದು ಅಲ್ಲೇ. ಅಡ್ರಿನಲಿನ್ ಆದ ಮೇಲೆ ಪಂಪ್ ಕೊಡಬಹುದು, ಅದರ ಬದಲಿಗಲ್ಲ.

ಇನ್ನೊಂದು ಮಾತು. ಸರಿಹೋಯಿತು ಅನ್ನಿಸಿದ ಮೇಲೂ ಕೆಲವು ಗಂಟೆಗಳಲ್ಲಿ ಅದೇ ತೊಂದರೆ ಮತ್ತೆ ಮರುಕಳಿಸಬಹುದು. ಅದಕ್ಕೇ ತಮ್ಮನನ್ನು ಅಲ್ಲೇ ಉಳಿಸಿಕೊಂಡಿದ್ದು.

ವಿದೇಶಗಳಲ್ಲಿ ಪೆನ್ನಿನ ಹಾಗಿರುವ ರೆಡಿ ಇಂಜೆಕ್ಷನ್ ಕೊಟ್ಟು ಕಳಿಸುತ್ತಾರೆ. ನಮ್ಮ ಊರಿನ ಮೆಡಿಕಲ್ ಶಾಪ್‌ಗಳಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ, ಮನೆಯಿಂದ ಆಸ್ಪತ್ರೆ ಎಷ್ಟು ದೂರ ಅಂತ ಮೊದಲು ಹೇಳಿ. ಆಂಪೂಲ್, ಸಿರಿಂಜ್ ಮನೆಯಲ್ಲಿ ಇಟ್ಟುಕೊಳ್ಳಬಹುದಾ ಕೇಳಿ. ಒಪ್ಪಿದರೆ, ಅರ್ಧ ಎಂಎಲ್ ಎಳೆಯುವುದನ್ನು ಅವರ ಎದುರೇ ನೀವೂ ನಿಮ್ಮ ತಮ್ಮನೂ ಮಾಡಿ ಕಲಿಯಿರಿ.