ಪಹಣಿಯ 12ನೇ ಕಾಲಂನಲ್ಲಿ ಫೂಕೋ

ಅಧಿಕಾರ, ಜ್ಞಾನ, ಭಾಷೆ ಮೂರೂ ಒಂದಕ್ಕೊಂದು ಅಂಟ್ಕೊಂಡಿವೆ ಅಂತ ಫ್ರೆಂಚ್ ಚಿಂತಕ ಫೂಕೋ ಹೇಳೋದಂದ್ರೆ "ಓದಿದವನಿಗೆ ಪವರ್ ಜಾಸ್ತಿ" ಅಂತಷ್ಟೇನಾ ಅಂತ ಕೇಳಿದೀರ. ಅಲ್ಲ. ಮಿಶೆಲ್ ಫೂಕೋ 1975ರಲ್ಲಿ ಜೈಲು, ಶಿಕ್ಷೆ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳೋದು ಏನಂದ್ರೆ ಅಧಿಕಾರ ಬರೀ ಬಾಯಿ ಮುಚ್ಚಿಸಲ್ಲ, ಜನರನ್ನ ವಿಂಗಡಿಸಿ, ಅಳೆದು, ಫೈಲಲ್ಲಿ ಬರೆದು ಹೊಸ ಜ್ಞಾನಾನೇ ಹುಟ್ಟಿಸುತ್ತೆ, ಆಮೇಲೆ ಯಾವ ಮಾತು ಲೆಕ್ಕಕ್ಕೆ ಬರುತ್ತೆ ಯಾವುದು ಬರಲ್ಲ ಅನ್ನೋದು ಆ ಫೈಲಿಂದಾನೇ ತೀರ್ಮಾನ ಆಗುತ್ತೆ.

ನಮ್ಮಲ್ಲೇ ಇದಕ್ಕೆ ಒಳ್ಳೆ ಉದಾಹರಣೆ ಇದೆ, ಪಹಣಿ, ಅಂದ್ರೆ ಜಮೀನಿನ ಸರ್ಕಾರಿ ದಾಖಲೆ. ಅದರಲ್ಲಿ ಜಮೀನು ಯಾರದ್ದು ಅನ್ನೋದು 9ನೇ ಕಾಲಂನಲ್ಲಿರುತ್ತೆ, ಸಾಗುವಳಿ ಮಾಡ್ತಿರೋದು ಯಾರು ಅನ್ನೋದು 12ರಲ್ಲಿ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾನೂನು ಬಿಗಿ ಮಾಡಿದಾಗ ಗೇಣಿದಾರರು ತಾವು ಉಳೋ ಜಮೀನು ತಮ್ಮ ಹೆಸರಿಗೆ ಮಾಡಿ ಅಂತ ಫಾರಂ 7 ತುಂಬಿ ಲ್ಯಾಂಡ್ ಟ್ರಿಬ್ಯೂನಲ್ಲಿಗೆ ಕೊಡಬೇಕಿತ್ತು, ಅಲ್ಲಿ ಈ 12ನೇ ಕಾಲಂನಲ್ಲಿ ಹೆಸರು ಇದ್ಯಾ ಇಲ್ವಾ ಅನ್ನೋದು ಬಹಳ ದೊಡ್ಡ ವಿಷಯ, ಯಾಕಂದ್ರೆ 1964ರ ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಸುಳ್ಳು ಅಂತ ಸಾಬೀತಾಗೋವರೆಗೂ ದಾಖಲೆಲಿ ಇರೋದೇ ನಿಜ. ಈಗ ಬಾಯಿಮಾತಲ್ಲಿ ಗೇಣಿ ಮಾಡ್ಕೊಂಡು ಬಂದವನನ್ನ ನೆನೆಸ್ಕೊಳ್ಳಿ. ಈ ಬದು ನಮ್ಮಪ್ಪ ಹಾಕಿದ್ದು, ಆ ಹಲಸಿನ ಮರ ನಾನು ನೆಟ್ಟಿದ್ದು, ನೀರು ಯಾವ ಕಡೆಯಿಂದ ಬಿಡ್ಬೇಕು ಅಂತ ನನಗೆ ಗೊತ್ತು ಅಂತಾನೆ. ಅವನಷ್ಟು ಆ ಗದ್ದೆ ಬಲ್ಲವರು ಯಾರೂ ಇಲ್ಲ, ಆದ್ರೂ ರಸೀದಿ ಇಲ್ದೆ, ಪಹಣಿಲಿ ಹೆಸರಿಲ್ದೆ ಹೋದ್ರೆ ಅವನಿಗೆ ಗೊತ್ತಿರೋದೆಲ್ಲ "ದಾಖಲೆ ಹಾಜರುಪಡಿಸಿಲ್ಲ" ಅನ್ನೋ ಒಂದು ಸಾಲಲ್ಲಿ ಮುಗಿದುಹೋಗುತ್ತೆ.

ಆ ಭೂಸುಧಾರಣೆ ಕಾನೂನು ಮಾಡಿದವರಿಗೂ ಇದು ಗೊತ್ತಿತ್ತು ಅನ್ಸುತ್ತೆ, ಟ್ರಿಬ್ಯೂನಲ್ಲಿಗೆ ಲಾಯರುಗಳೇ ಬರಬಾರದು ಅಂತ ಸೆಕ್ಷನ್ 48(8) ಹಾಕಿದ್ರು. ಕೋರ್ಟಿನ ಭಾಷೆ ಬರದವನು ತನ್ನ ಮಾತಲ್ಲೇ ಹೇಳ್ಕೊಳ್ಳಲಿ ಅಂತ. ಅದನ್ನ 1987ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡ್ತು. ಕಾನೂನಿನ ದೃಷ್ಟಿಯಿಂದ ಕಾರಣ ಏನೇ ಇರಲಿ, ಗೇಣಿದಾರನ ಕಡೆಯಿಂದ ನೋಡಿದ್ರೆ ನನಗೆ ಅದು ನಷ್ಟ ಅಂತಾನೇ ಅನ್ಸೋದು.

ಇನ್ನು ಹೆಂಗಸರ ಕಥೆ. ನಾಟಿ, ಕಳೆ, ಕೊಯ್ಲು ಎಲ್ಲಾದ್ರಲ್ಲೂ ಅವರ ಕೈ ಇದ್ದೇ ಇರುತ್ತೆ, ಆದ್ರೆ ಕಾಲಂನಲ್ಲಿ ಸಾಮಾನ್ಯವಾಗಿ ಮನೆ ಯಜಮಾನನ ಹೆಸರು. ಯಾರೂ ಬೇಕು ಅಂತ ಅವರ ಹೆಸರು ಹೊಡೆದುಹಾಕಿಲ್ಲ, ಆ ಫಾರಂ ಕೇಳೋ ರೀತಿಲೇ ಅವರು ಕಾಣಲ್ಲ, ಆಮೇಲೆ ಬ್ಯಾಂಕಲ್ಲಿ ಬೆಳೆಸಾಲ ಕೇಳಿದ್ರೆ ಪಹಣಿ ತನ್ನಿ ಅಂತಾರೆ. ಫೂಕೋ ಹೇಳೋ ಅಧಿಕಾರ ಇಲ್ಲಿ ತುಂಬ ಸ್ಪಷ್ಟವಾಗಿ ಕಾಣುತ್ತೆ, ಇದನ್ನೆಲ್ಲ ಒಬ್ಬ ಕೆಟ್ಟ ಮನುಷ್ಯ ಕೂತು ಮಾಡಿದ್ದಲ್ಲ.

ಆದ್ರೆ ಫೂಕೋ ಓದ್ತಾ ಓದ್ತಾ ಇದರಿಂದ ತಪ್ಪಿಸ್ಕೊಳ್ಳೋಕೇ ಆಗಲ್ಲ ಅನ್ನೋ ಭಾವನೆ ಬಂದ್ಬಿಡುತ್ತೆ, ಅಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸಾಗರ ತಾಲೂಕಿನ ಕಾಗೋಡಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ರಲ್ಲ, ಜಗಳ ಶುರುವಾಗಿದ್ದೇ ಗೇಣಿ ಭತ್ತ ಅಳೆಯೋ ಕೊಳಗದ ಮೇಲೆ, ಧಣಿಗಳ ಕೊಳಗ ದೊಡ್ಡದು ಅಂತ. ಎಷ್ಟು ಕೊಡ್ಬೇಕು ಅನ್ನೋದಕ್ಕಿಂತ ಮುಂಚೆ ಯಾರ ಕೊಳಗದಲ್ಲಿ ಅಳೀತೀರ ಅಂತ ಕೇಳಿದ್ರು ಅವರು. ನೀವು ಫೂಕೋ ಓದೋದಾದ್ರೆ ಕಾಗೋಡಿನ ಚರಿತ್ರೆನೂ ಜೊತೇಲೇ ಓದಿ.