ಬಾವಿಕಟ್ಟೆಯ ಗೋಳಿಗೆ ತಟ್ಟೆ ಯಾವಾಗ?

ಪ್ರಶ್ನೆ: ನಮ್ಮ ಬಾವಿಕಟ್ಟೆಯ ಮುರಕಲ್ಲಿನ ಸಂದಿಯಲ್ಲಿ ಗೋಳಿ (ಆಲದ) ಸಸಿ ಹುಟ್ಟಿದೆ. ಎತ್ತರ ಎರಡು ಗೇಣು, ಕಾಂಡ ಪೆನ್ಸಿಲ್‌ನಷ್ಟು ದಪ್ಪ. ಬೋನ್ಸಾಯ್ ಮಾಡಿ ಚಾವಡಿಯಲ್ಲಿ ಇಡುವ ಆಸೆಯಿಂದ ತಟ್ಟೆ, ತಂತಿ ಎಲ್ಲ ತಂದಿದ್ದೇನೆ. ಯಾವಾಗ ಕೀಳಬೇಕು? ದೇವರ ಮರವನ್ನು ಕುಳ್ಳಾಗಿಸಬಾರದು ಎಂದು ಅತ್ತೆ ಹೇಳುತ್ತಾರೆ.
– ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ತಟ್ಟೆಯನ್ನು ಸದ್ಯಕ್ಕೆ ಅಟ್ಟಕ್ಕೆ ಹಾಕಿ. ನಾಲ್ಕೈದು ವರ್ಷ ಅದರ ಕೆಲಸವಿಲ್ಲ. ಬೇರಿಗೆ ಜಾಗವಿಲ್ಲದ ತಟ್ಟೆಯಲ್ಲಿ ಕಾಂಡ ದಪ್ಪವಾಗುವುದಿಲ್ಲ. ಈಗಲೇ ಕೂರಿಸಿದರೆ ಹತ್ತು ವರ್ಷದ ನಂತರವೂ ನಿಮ್ಮ ಬಳಿ ಇರುವುದು ತಟ್ಟೆಯಲ್ಲಿ ನೆಟ್ಟ ಪೆನ್ಸಿಲ್ಲೇ. ಮೊದಲು ದಪ್ಪ ಮಾಡಿ, ಗಿಡ್ಡ ಮಾಡುವುದು ಆಮೇಲೆ.

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪರ್ವ) ಕಳೆದು ಮಳೆ ಹಿಡಿಯಲಿ, ಆಗ ಕೀಳಿ. ಎಳೆಯಬೇಡಿ. ಸಂದಿಯ ಗಾರೆಯನ್ನು ಉಳಿಯಿಂದ ಬಿಡಿಸಿ, ಪಕ್ಕದ ಬೇರುಗಳನ್ನು ಆದಷ್ಟು ಉಳಿಸಿಕೊಂಡು ತಾಯಿಬೇರನ್ನು ಕತ್ತರಿಸಿ. ಸುತ್ತಲೂ ಹರಡಿದ ಬೇರೇ ಮುಂದೆ ಮರಕ್ಕೆ ಬುಡದ ಗಾಂಭೀರ್ಯ ಕೊಡುವುದು. ಹಾಲು ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಹಳೆಯ ಅಂಗಿ ಹಾಕಿಕೊಳ್ಳಿ. ಬೇರು ಕಲ್ಲಿನೊಳಗೆ ಸಿಕ್ಕಿಕೊಂಡಿದ್ದರೆ ಹಟ ಮಾಡದೆ ಮೇಲ್ಭಾಗವನ್ನು ಕತ್ತರಿಸಿ ನೆಡಿ. ಮಳೆಗಾಲದಲ್ಲಿ ಗೋಳಿಯ ಗೆಲ್ಲು (ಕೊಂಬೆ) ಬೇರು ಬಿಡಲು ಹೆಚ್ಚು ಸತಾಯಿಸುವುದಿಲ್ಲ.

ಕಿತ್ತದ್ದನ್ನು ಅಗಲ ಬಾಯಿಯ ದೊಡ್ಡ ಕುಂಡದಲ್ಲಿ ಅಥವಾ ನೆಲದಲ್ಲೇ ಬೆಳೆಸಿ. ಕುಂಡವಾದರೆ ನಮ್ಮ ಕೆಂಪು ಮಣ್ಣನ್ನು ಮಾತ್ರ ತುಂಬಬೇಡಿ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಅದು ಗಟ್ಟಿಯಾಗಿ ಬೇರು ಕೊಳೆಯುತ್ತದೆ. ಕಡಲೆ ಗಾತ್ರದ ಇಟ್ಟಿಗೆ ಚೂರು ಅರ್ಧದಷ್ಟಿರಲಿ, ಉಳಿದದ್ದು ಹೊಳೆಯ ದಪ್ಪ ಮರಳು ಮತ್ತು ಹಟ್ಟಿಗೊಬ್ಬರ. ಮಲ್ಪೆಯ ಕಡಲ ಮರಳು ಹತ್ತಿರವಿದೆ ಎಂದು ತರಬೇಡಿ, ಅದರಲ್ಲಿ ಉಪ್ಪಿದೆ.

ಆಮೇಲೆ ಕತ್ತರಿಯನ್ನು ಬಚ್ಚಿಡಿ. ಗಿಡ ಆಳೆತ್ತರ ಹೋಗಲಿ, ಎಲೆ ಹೆಚ್ಚಿದಷ್ಟೂ ಕಾಂಡ ಊದುತ್ತದೆ. ಬುಡ ಮಣಿಕಟ್ಟಿನಷ್ಟಾದ ಮೇಲೆ ಒಂದು ಮಳೆಗಾಲದ ಆರಂಭದಲ್ಲಿ ಅರ್ಧ ಅಡಿ ಬಿಟ್ಟು ಕತ್ತರಿಸಿ. ನೆರೆಮನೆಯವರು ನಿಮಗೆ ಮರುಳು ಎಂದುಕೊಳ್ಳುತ್ತಾರೆ. ಬಲವಾದ ಗೋಳಿ ಮತ್ತೆ ಚಿಗುರುತ್ತದೆ. ಚಿಗುರುಗಳಲ್ಲಿ ಒಂದನ್ನು ಹೊಸ ತುದಿಯಾಗಿ ಉಳಿಸಿ ಬೆಳೆಸಿ, ಅದನ್ನೂ ಮತ್ತೆ ಕತ್ತರಿಸಿ. ಕೆಳಗೆ ದಪ್ಪ, ಮೇಲೆ ಸಪೂರ ಎನ್ನುವ ಮುದಿಮರದ ರೂಪ ಬರುವುದು ಹೀಗೆ.

ತಂತಿಗಿಂತ ಕತ್ತರಿಯ ಮೇಲೆ ನನಗೆ ಭರವಸೆ ಹೆಚ್ಚು. ಯಾವ ದಿಕ್ಕಿಗೆ ಗೆಲ್ಲು ಬೇಕೋ ಆ ದಿಕ್ಕಿಗೆ ಮುಖ ಮಾಡಿದ ಮೊಗ್ಗಿನ ಮೇಲೆ ಕತ್ತರಿಸಿದರೆ ಚಿಗುರು ಅತ್ತಲೇ ಹೊರಡುತ್ತದೆ. ದಕ್ಷಿಣ ಚೀನಾದ ಲಿಂಗ್ನಾನ್ ಶೈಲಿಯ ಮರಗಳು ಮುಖ್ಯವಾಗಿ ಈ ಕತ್ತರಿಯಿಂದಲೇ ರೂಪುಗೊಂಡವು. ತಂತಿ ಸುತ್ತಲೇಬೇಕೆಂದರೆ ಅಲ್ಯೂಮಿನಿಯಂ ತಂತಿ, ಗೆಲ್ಲಿನ ದಪ್ಪದ ಮೂರನೇ ಒಂದು ಭಾಗ. ಮಳೆಗಾಲದಲ್ಲಿ ವಾರವಾರ ನೋಡಿ, ತೊಗಟೆಗೆ ಕಚ್ಚುವ ಮೊದಲು ತುಂಡರಿಸಿ ತೆಗೆಯಿರಿ. ಬಿಚ್ಚಲು ಹೋದರೆ ಗೆಲ್ಲು ಮುರಿಯುತ್ತದೆ.

ಚಾವಡಿಯ ಆಸೆ ಬಿಡಿ. ಗೋಳಿಗೆ ಬಿಸಿಲು ಬೇಕು, ನೆಂಟರು ಬಂದ ದಿನ ಒಳಗೆ ತಂದು ಮೆರೆಸಿದರೆ ಸಾಕು. ಗೋಳಿಯ ಎಲೆ ದೊಡ್ಡದು, ತಟ್ಟೆಗೆ ಬಂದ ಮೇಲೂ ಒಂದು ಮಟ್ಟಿಗಷ್ಟೇ ಚಿಕ್ಕದಾಗುತ್ತದೆ. ಹಾಗಾಗಿ ಎರಡು ಅಡಿಗಿಂತ ಕುಳ್ಳಾಗಿಸಬೇಡಿ. ಬಿಳಲು ಇಳಿದರೆ ಸೀಳಿದ ಸ್ಟ್ರಾದೊಳಗೆ ಒದ್ದೆ ತೆಂಗಿನ ನಾರಿನ ಹುಡಿ ತುಂಬಿ ಮಣ್ಣಿನವರೆಗೆ ದಾರಿ ಮಾಡಿಕೊಡಿ.

ಅತ್ತೆಯವರ ವಿಷಯದಲ್ಲಿ ನಾನು ಪಂಚಾತಿಕೆಗೆ ಬರುವುದಿಲ್ಲ. ಆದರೆ ಆ ಸಸಿ ಅಲ್ಲೇ ಇದ್ದರೆ ಬಾವಿಕಟ್ಟೆ ಬಿರಿಯುತ್ತದೆ, ಹೇಗಿದ್ದರೂ ಕೀಳಬೇಕು. ಕಿತ್ತು ಎಸೆಯುವುದೋ ಸಾಕುವುದೋ, ಅವರನ್ನೇ ಕೇಳಿ.

ಪ್ರಶ್ನೆ: ಪುನರ್ಪುಳಿಯ (ಕೋಕಂ) ಬೀಜದ ಸಸಿಯನ್ನು ಬೋನ್ಸಾಯ್ ಮಾಡಿದರೆ ಫ್ಲ್ಯಾಟ್‌ನ ಬಾಲ್ಕನಿಯಲ್ಲಿ ಹಣ್ಣು ಸಿಗುವುದೇ?
– ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ಪುನರ್ಪುಳಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿ ಯಾವುದೆಂದು ಹೂ ಬಿಡುವವರೆಗೆ ತಿಳಿಯುವುದಿಲ್ಲ, ಅದಕ್ಕೆ ಹಲವು ವರ್ಷ ಬೇಕು. ಇಳಿಬಿದ್ದ ಗೆಲ್ಲುಗಳ ಚೆಲುವಿಗಾಗಿ ಬೆಳೆಸುವುದಾದರೆ ಬೆಳೆಸಿ. ಶರಬತ್ತಿನ ಹಣ್ಣನ್ನು ಮಾರುಕಟ್ಟೆಯಿಂದ ತನ್ನಿ.