ಅಲಬಾಮಾದಲ್ಲಿ ಅಕ್ಕಪಕ್ಕದ ಎರಡು ಬಡ ಹಳ್ಳಿ ಕೌಂಟಿಗಳ ಓಟು ಯಾಕೆ ಪೂರ್ತಿ ಉಲ್ಟಾ? ಕಾರಣ ಆದಾಯವೋ, ಓದೋ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಲೌಂಡ್ಸ್ ಮತ್ತು ಕ್ರೆನ್‌ಶಾ, ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದ ಎರಡು ಕೌಂಟಿಗಳು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಎರಡೂ ಕಡೆ ಹೊಲ, ಚರ್ಚು, ಬಡತನ. ಆದರೂ 2020ರ ಅಧ್ಯಕ್ಷ ಚುನಾವಣೆಯಲ್ಲಿ ಲೌಂಡ್ಸ್‌ನಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಓಟು ಡೆಮಾಕ್ರಟಿಕ್ ಪಕ್ಷದ ಬೈಡನ್‌ಗೆ, ಕ್ರೆನ್‌ಶಾದಲ್ಲಿ 70ಕ್ಕಿಂತ ಜಾಸ್ತಿ ರಿಪಬ್ಲಿಕನ್ ಪಕ್ಷದ ಟ್ರಂಪ್‌ಗೆ. ಪ್ರಾಜೆಕ್ಟಿಗೆ ಆದಾಯ ಹಿಡಿಯಲೋ ಓದು ಹಿಡಿಯಲೋ ಅಂತ ಕೇಳಿದ್ದೀರಿ. 2013ರಲ್ಲಿ ನಾನೂ ಇದೇ ರಾಜ್ಯದಲ್ಲಿ ಎಂ.ಎಸ್. ಮಾಡುತ್ತಿದ್ದೆ. ಇದೇ ವಿಷಯ. ಆದಾಯ ಹಿಡಿದೆ. ಒಂದು ಸೆಮಿಸ್ಟರ್ ಪೂರ್ತಿ ಹೋಯಿತು. ಅದರ ಫೀಸಿಗಾಗಿ ನವಲಗುಂದದ ಹತ್ತಿರ ನಮ್ಮಪ್ಪ ಎರಡು ಎಕರೆ ಹತ್ತಿ ಹೊಲ ಅಡ ಇಟ್ಟಿದ್ದರು.

ನಾನು ಮಾಡಿದ್ದು ಇಷ್ಟು. ಅಲಬಾಮಾದ 67 ಕೌಂಟಿಗಳನ್ನೂ ಒಂದು ಪಟ್ಟಿಯಲ್ಲಿ ಹಾಕಿದೆ. ಪಕ್ಕದಲ್ಲಿ ಮನೆಯ ಸರಾಸರಿ ಆದಾಯ, ಅದರ ಪಕ್ಕ 2012ರ ಫಲಿತಾಂಶ. ಗ್ರಾಫ್ ಚೆಂದ ಬಂತು. ತೀರಾ ಬಡ ಕೌಂಟಿಗಳಲ್ಲಿ ಹೆಚ್ಚಿನವು ಒಬಾಮಾ ಕಡೆ. ಅದರ ಕೆಳಗೆ ಒಂದು ಸಾಲು ಬರೆದೆ: ಅಲಬಾಮಾದಲ್ಲಿ ಬಡವರು ಡೆಮಾಕ್ರಟಿಕ್ ಪಕ್ಷಕ್ಕೆ ಓಟು ಹಾಕುತ್ತಾರೆ.

ತಪ್ಪು ಆ ಸಾಲಿನಲ್ಲೇ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪು ಇದೆ. ನನ್ನ ಪಟ್ಟಿಯಲ್ಲಿ ಇದ್ದದ್ದು 67 ಕೌಂಟಿಗಳು. ಒಬ್ಬನೇ ಒಬ್ಬ ಬಡವ ಅದರಲ್ಲಿರಲಿಲ್ಲ. ಒಂದು ಕೌಂಟಿ ಬಡ ಕೌಂಟಿ ಅಂದರೆ ಅಲ್ಲಿ ಯಾವ ಬಡವ ಯಾರಿಗೆ ಹಾಕಿದ ಅಂತ ಗೊತ್ತಾಗುವುದಿಲ್ಲ. ನೂರು ಜನರ ಒಂದು ಊರು ಅಂದುಕೊಳ್ಳಿ. 70 ಜನ ಒಂದು ಪಕ್ಷ, 30 ಜನ ಇನ್ನೊಂದು. ಪಕ್ಕದ ಊರಲ್ಲಿ ಇದು ಅದಲು ಬದಲು. ಎರಡೂ ಊರಲ್ಲಿ ಎರಡೂ ತರಹದ ಜನ ಇದ್ದಾರೆ, ಎಷ್ಟೆಷ್ಟು ಅನ್ನುವುದು ಮಾತ್ರ ಬೇರೆ. ಕ್ರೆನ್‌ಶಾದಲ್ಲಿರುವ ಕಪ್ಪು ಮತದಾರ ಹೆಚ್ಚುಕಡಿಮೆ ಲೌಂಡ್ಸ್‌ನ ಕಪ್ಪು ಮತದಾರನ ಹಾಗೆಯೇ ಓಟು ಹಾಕುತ್ತಾನೆ, ಅಂದರೆ ಹೆಚ್ಚಾಗಿ ಡೆಮಾಕ್ರಟಿಕ್ ಪಕ್ಷಕ್ಕೆ. ಲೌಂಡ್ಸ್‌ನ ಬಿಳಿಯ ಮತದಾರ ಕ್ರೆನ್‌ಶಾದ ಬಿಳಿಯನ ಹಾಗೆ, ಹೆಚ್ಚಾಗಿ ರಿಪಬ್ಲಿಕನ್ ಪಕ್ಷಕ್ಕೆ. ಲೌಂಡ್ಸ್‌ನಲ್ಲಿ ಕಪ್ಪು ಜನ ಸುಮಾರು ಮುಕ್ಕಾಲು ಪಾಲು, ಕ್ರೆನ್‌ಶಾದಲ್ಲಿ ಸುಮಾರು ಕಾಲು ಪಾಲು. ನೀವು ನೋಡಿದ ಉಲ್ಟಾ ಫಲಿತಾಂಶದ ಬಹುಪಾಲು ಇಷ್ಟೇ.

ಜನಾಂಗದ ಆ ಕಾಲಂ ನನ್ನ ಹತ್ತಿರ ಇತ್ತು. ನಾನೇ ತೆಗೆದುಹಾಕಿದ್ದೆ. ನಮ್ಮೂರಲ್ಲಿ ಚುನಾವಣೆ ಬಂದರೆ ಸಾಕು, ಚಹಾದ ಅಂಗಡಿಯಲ್ಲಿ ಯಾವ ಜಾತಿ ಎಷ್ಟು ಸಾವಿರ ಅನ್ನೋ ಲೆಕ್ಕ ಶುರು. ಕೇಳಿ ಕೇಳಿ ರೋಸಿಹೋಗಿದ್ದೆ. ಇಲ್ಲಿಗೆ ಬಂದಮೇಲಾದರೂ ಮನುಷ್ಯರನ್ನು ಹಾಗೆ ಎಣಿಸಬಾರದು ಅಂದುಕೊಂಡೆ. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಎಣಿಸದೆ ಬಿಟ್ಟಿದ್ದರಿಂದ ಆ ಜನರ ನೂರೈವತ್ತು ವರ್ಷದ ಕಥೆಯೇ ನನ್ನ ಪ್ರಾಜೆಕ್ಟಿನಿಂದ ಹೊರಗೆ ಹೋಯಿತು. ಗೈಡ್ ಅದನ್ನು ವಾಪಸ್ ಕೊಟ್ಟರು. ಅವರು ಮಾಡಿದ್ದು ಸರಿಯೇ.

ಆಗ ನಾನು ಅಲಬಾಮಾದ ರಾಜಧಾನಿ ಮಾಂಟ್ಗಮರಿಯಲ್ಲಿ ಒಬ್ಬ ಹಿರಿಯ ಕಪ್ಪು ಹೆಂಗಸಿನ ಮನೆಯಲ್ಲಿ ಬಾಡಿಗೆಗಿದ್ದೆ. ಶಾಲೆ ಬಸ್ ಓಡಿಸಿ ನಿವೃತ್ತರಾದವರು. ನಾನು ಮ್ಯಾಮ್ ಎನ್ನುತ್ತಿದ್ದೆ. ನನ್ನ ಸಾಲನ್ನು ಅವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಾ, ಬಡತನಕ್ಕಾಗಿ ನಾವು ಓಟು ಹಾಕಲಿಲ್ಲ. ಓಟಿಗಾಗಿ ಬಡವರಾದೆವು" ಅಂದರು. ಅವರ ಅಪ್ಪ ಲೌಂಡ್ಸ್‌ನಲ್ಲಿ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. 1965ರಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಿದರು. ಹೊಲದ ಒಡೆಯ ಮನೆ ಖಾಲಿ ಮಾಡಿಸಿದ. ಹಾಗೆ ಹೊರಬಿದ್ದ ಕುಟುಂಬಗಳಲ್ಲಿ ಕೆಲವು ಸೆಲ್ಮಾ–ಮಾಂಟ್ಗಮರಿ ನಡುವಿನ ಹೈವೇ 80ರ ಪಕ್ಕ ಡೇರೆ ಹಾಕಿಕೊಂಡು ಇದ್ದವು. ಟೆಂಟ್ ಸಿಟಿ ಅಂತಲೇ ಅದರ ಹೆಸರು. ಹತ್ತು ವರ್ಷದ ಹುಡುಗಿಯಾಗಿ ಇವರು ಚಳಿಗಾಲ ಕಳೆದದ್ದು ಆ ಡೇರೆಯಲ್ಲಿ. 1965ರ ಆರಂಭದಲ್ಲಿ ಲೌಂಡ್ಸ್‌ನ ಜನರಲ್ಲಿ ನೂರಕ್ಕೆ ಸುಮಾರು 80 ಭಾಗ ಕಪ್ಪು ಜನ, ಮತದಾರರ ಪಟ್ಟಿಯಲ್ಲಿ ಅವರ ಒಂದು ಹೆಸರೂ ಇರಲಿಲ್ಲ.

ಒಂದು ಭಾನುವಾರ ಲೌಂಡ್ಸ್‌ನ ಹೇನ್ವಿಲ್ ಊರಿನ ಹತ್ತಿರ ಅವರ ತಮ್ಮನ ಮನೆಗೆ ಕರೆದುಕೊಂಡು ಹೋದರು. ಮಳೆ ಬಂದಿತ್ತು. ಕಾರಿನಿಂದ ಇಳಿದರೆ ಬೂಟಿಗೆ ಕರಿ ಮಣ್ಣು ಮೆತ್ತಿಕೊಂಡು ಕಾಲು ಎತ್ತೋಕೆ ಆಗುತ್ತಿಲ್ಲ. ಗೋಡೆಯಲ್ಲಿ ಓರೆ ಬಿರುಕು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು. ಶೌಚದ ನೀರೂ ಅಲ್ಲಿ ಇಂಗದೆ ಹಿತ್ತಲಿಗೆ ಬರುತ್ತದೆ. ಇದು ನಮ್ಮ ಎರಿ ಮಣ್ಣು! ನಮ್ಮ ಕಡೆ ಎರಿ ಹೊಲ, ಮಸಾರಿ ಹೊಲ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಎರಿಗೆ ಹತ್ತಿ ಅನ್ನುವುದೂ ಗೊತ್ತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೀಜ ತರಿಸಿ ಬಿತ್ತಿಸಿದ್ದೂ ನಮ್ಮ ಧಾರವಾಡ ಸೀಮೆಯ ಎರಿಯಲ್ಲೇ.

ಡೈನೋಸಾರ್‌ಗಳಿದ್ದ ಕಾಲದಲ್ಲಿ ಅಲಬಾಮಾದ ನಡುಭಾಗದಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಸುಣ್ಣದ ಪದರದ ಮೇಲೆ ಈ ಕರಿ ಮಣ್ಣು ಆಯಿತು. ಲೌಂಡ್ಸ್ ಇರುವ ಸೀಮೆಗೆ ಬ್ಲ್ಯಾಕ್ ಬೆಲ್ಟ್, ಅಂದರೆ ಕರಿ ಪಟ್ಟಿ, ಅನ್ನುವ ಹೆಸರು ಬಂದದ್ದು ಈ ಮಣ್ಣಿನಿಂದ. 1814ರಲ್ಲಿ ಕ್ರೀಕ್ ಮೂಲನಿವಾಸಿಗಳಿಂದ ನೆಲ ಕಿತ್ತುಕೊಂಡ ಮೇಲೆ ದೊಡ್ಡ ಹತ್ತಿ ತೋಟದವರು ಬಂದರು, ಜೊತೆಗೆ ಗುಲಾಮರನ್ನು ತಂದರು. ಕ್ರೆನ್‌ಶಾ ಕಡೆ ಮರಳು ಮಿಶ್ರಿತ ಮಣ್ಣು, ಪೈನ್ ಕಾಡು. ಅಲ್ಲಿ ಸಣ್ಣ ಹಿಡುವಳಿಯ ಬಿಳಿಯ ರೈತರೇ ಜಾಸ್ತಿ. 1866ರಲ್ಲಿ ಆ ಕೌಂಟಿ ಮಾಡಿದಾಗ ಲೌಂಡ್ಸ್‌ನ ಒಂದು ಚೂರನ್ನೂ ಅದಕ್ಕೆ ಸೇರಿಸಿದರು ಅನ್ನುವುದನ್ನು ನೆನಪಿಡಿ. 1865ರಲ್ಲಿ ಗುಲಾಮಗಿರಿ ಮುಗಿದ ಮೇಲೆ ಬಿಡುಗಡೆಯಾದವರಲ್ಲಿ ಹೆಚ್ಚಿನವರ ಕೈಗೆ ನೆಲ ಸಿಗಲಿಲ್ಲ. ಅದೇ ಹೊಲಗಳಲ್ಲಿ ಪಾಲಿಗೆ ದುಡಿದರು. 1901ರ ರಾಜ್ಯ ಸಂವಿಧಾನ ಓದಿನ ಪರೀಕ್ಷೆ, ಓಟಿನ ತೆರಿಗೆ ಹಾಕಿ ಓಟನ್ನೂ ಕಿತ್ತುಕೊಂಡಿತು. ಅಲ್ಲಿನ ಬಡತನ ಎಲ್ಲಿಂದ ಬಂತು ಅಂತ ಈಗ ಹೇಳಬೇಕಾಗಿಲ್ಲ, ಅಲ್ವಾ?

ಹಾಗಾದರೆ ಅವರು ಡೆಮಾಕ್ರಟಿಕ್ ಪಕ್ಷಕ್ಕೆ ಕಣ್ಣು ಮುಚ್ಚಿ ಹಾಕುತ್ತಾರೆ ಅಂತ ಮಾತ್ರ ಬರೆಯಬೇಡಿ. ಆಗ ಅಲಬಾಮಾದಲ್ಲಿ ಆ ಪಕ್ಷದ ಚಿಹ್ನೆ ಬಿಳಿ ಹುಂಜ, 1966ರವರೆಗೂ ಅದರ ಜೊತೆ ಬಿಳಿಯರೇ ಮೇಲು ಅನ್ನುವ ಘೋಷಣೆ. ಅದಕ್ಕೇ ಲೌಂಡ್ಸ್‌ನ ಕಪ್ಪು ಜನ ಕರಿ ಚಿರತೆಯ ಗುರುತಿನ ತಮ್ಮದೇ ಪಕ್ಷ ಕಟ್ಟಿದರು. 1966ರಲ್ಲಿ ಸೋತರು. 1970ರಲ್ಲಿ ಅದೇ ಗುಂಪಿನ ಜಾನ್ ಹ್ಯೂಲೆಟ್ ಶೆರಿಫ್ ಆಗಿ, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರಾಗಿ, ಗೆದ್ದರು. ನನ್ನ ಮನೆ ಒಡತಿಯ ಅಪ್ಪ ಹಾಕಿದ ಮೊದಲ ಓಟು ಚಿರತೆಗೆ.

ಮಣ್ಣೇ ಎಲ್ಲವನ್ನೂ ಹೇಳುತ್ತದೆ ಅಂತಲೂ ಅಲ್ಲ. ನಾರ್ತ್ ಕ್ಯಾರೊಲೈನಾ ರಾಜ್ಯದ ರಾಬ್ಸನ್ ಕೌಂಟಿ 2012ರಲ್ಲಿ ಒಬಾಮಾಗೆ, 2016ರಲ್ಲಿ ಟ್ರಂಪ್‌ಗೆ. ನಾಲ್ಕು ವರ್ಷದಲ್ಲಿ ಮಣ್ಣೇನೂ ಬದಲಾಗಿರಲಿಲ್ಲ. ಅಲ್ಲಿ ಲಂಬೀ ಮೂಲನಿವಾಸಿಗಳ ಸಂಖ್ಯೆ ದೊಡ್ಡದು. ಅದು ಬೇರೆಯೇ ಕಥೆ, ನಿಮ್ಮ ಪ್ರಾಜೆಕ್ಟಿಗೆ ಸೇರಿಸಬೇಡಿ.

ಆದಾಯವೋ ಓದೋ ಅಂತ ಆರಿಸುವುದನ್ನೇ ಬಿಡಿ. ಎರಡೂ ಆಮೇಲೆ ಬಂದವು. ಮೊದಲು ಜನಾಂಗದ ಕಾಲಂ ಹಾಕಿ, ಅದರ ಪಕ್ಕ 1860ರ ಜನಗಣತಿಯ ಗುಲಾಮರ ಸಂಖ್ಯೆ ಹಾಕಿ. ಕ್ರೆನ್‌ಶಾ ಆಗ ಇರಲಿಲ್ಲ, ಅದು ಹುಟ್ಟಿದ ಕೌಂಟಿಗಳನ್ನು ನೋಡಬೇಕಾಗುತ್ತದೆ. "ಬಡವರು" ಅಂತ ಬರೆಯುವ ಕಡೆಯೆಲ್ಲ ನಿಮ್ಮ ಹತ್ತಿರ ಮನುಷ್ಯರ ಲೆಕ್ಕ ಇದೆಯಾ ಅಂತ ನೋಡಿಕೊಳ್ಳಿ. ಪ್ರಪೋಸಲ್ ಕೊಡುವ ಮುಂಚೆ ಒಂದು ಶನಿವಾರ ಹೇನ್ವಿಲ್‌ನಿಂದ ಕ್ರೆನ್‌ಶಾದ ಲುವರ್ನ್ ಊರಿಗೆ ಕಾರಿನಲ್ಲಿ ಹೋಗಿ. ಒಂದು ಗಂಟೆಯ ದಾರಿ. ನಡುವೆ ಅಲ್ಲಲ್ಲಿ ಇಳಿದು ಮಣ್ಣು ಮುಟ್ಟಿ ನೋಡಿ. ಸಾಧ್ಯವಾದರೆ ಮಳೆ ಬಂದ ಮಾರನೇ ದಿನ ಹೋಗಿ.